ಓದುಗರ ಪ್ರಶ್ನೆ: ಗಾಲ್ಫ್ ಸ್ವಿಂಗ್‌ನ ಮೊದಲ ಪಾಠ

(ಇಲ್ಲಿನ ಉತ್ತರಗಳೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ–ಬಲ ಅದಲುಬದಲು ಮಾಡಿಕೊಂಡು ಓದಿ.)

ಪ್ರಶ್ನೆ: ಹದಿನೈದು ವರ್ಷ ಕ್ರಿಕೆಟ್ ಆಡಿದ್ದೇನೆ. ಈಗ ಗಾಲ್ಫ್ ಕಲಿಯುವ ಆಸೆ. ಎಲ್ಲಿಂದ ಶುರು ಮಾಡಲಿ? ಬ್ಯಾಟ್ ಹಿಡಿದ ಅಭ್ಯಾಸ ನೆರವಾಗುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಚೆಂಡನ್ನು ಕಣ್ಣಿಟ್ಟು ನೋಡುವ ಅಭ್ಯಾಸ ಖಂಡಿತ ನೆರವಾಗುತ್ತದೆ. ಅಡ್ಡಿಯಾಗುವುದು ಹಿಡಿತ ಮತ್ತು ಮುಂಗಾಲು. ಬ್ಯಾಟ್ಸ್‌ಮನ್ ಚೆಂಡಿನ ಕಡೆಗೆ ಹೆಜ್ಜೆ ಹಾಕುತ್ತಾನೆ. ಗಾಲ್ಫ್‌ನಲ್ಲಿ ಚೆಂಡು ನಿಂತೇ ಇರುತ್ತದೆ. ಮೈ ಜಾರದೆ, ಇದ್ದಲ್ಲೇ ತಿರುಗಬೇಕು.

7ನೇ ಐರನ್‌ನಿಂದ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಆರಂಭಿಸಿ. ಅತಿ ದೂರ ಹೊಡೆಯುವ ಡ್ರೈವರ್ ಚೀಲದಲ್ಲೇ ಇರಲಿ. ಮೊದಲು ಕ್ಲಬ್‌ನ ತಲೆಯನ್ನು ನೆಲಕ್ಕಿಟ್ಟು ಅದರ ಮುಖವನ್ನು ಗುರಿಗೆ ನೇರ ಮಾಡಿಕೊಳ್ಳಿ, ಆಮೇಲೆ ಕೈ ಹಾಕಿ. ಹಲವರು ಹಿಡಿದ ಮೇಲೆ ಮುಖ ಸರಿಪಡಿಸಲು ಹೋಗುತ್ತಾರೆ, ಆಗ ಹಿಡಿತವೇ ತಿರುಚಿಕೊಳ್ಳುತ್ತದೆ. ಎಡಗೈಯಲ್ಲಿ ಹಿಡಿಕೆ ಅಂಗೈ ನಡುವೆ ಕೂರಬಾರದು; ಕಿರುಬೆರಳ ಬುಡದಿಂದ ತೋರುಬೆರಳ ನಡುಗೆಣ್ಣಿನವರೆಗೆ ಓರೆಯಾಗಿ ಬೆರಳುಗಳಲ್ಲೇ ಇರಬೇಕು. ಹಿಡಿಕೆಯ ತುದಿ ಸುಮಾರು 1 ಸೆಂ.ಮೀ. ಹೊರಗಿರಲಿ. ಬಗ್ಗಿ ನೋಡಿದರೆ ಎಡಗೈಯ ಎರಡು ಗೆಣ್ಣುಗಳು, ಹೆಚ್ಚೆಂದರೆ ಎರಡೂವರೆ, ಕಾಣಬೇಕು. ಹೆಬ್ಬೆರಳು–ತೋರುಬೆರಳ ನಡುವಿನ ಸಂದಿ ಬಲಭುಜದ ಕಡೆ ನೋಡುತ್ತಿರಬೇಕು. ಬಲಗೈಯ ಅಂಗೈ ಎಡ ಹೆಬ್ಬೆರಳನ್ನು ಮುಚ್ಚಲಿ. ಬಲ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಕೂರಿಸಬಹುದು, ಇಲ್ಲವೇ ತೋರುಬೆರಳಿಗೆ ಹೆಣೆಯಬಹುದು. ಟೈಗರ್ ವುಡ್ಸ್ ಮತ್ತು ಜ್ಯಾಕ್ ನಿಕ್ಲಾಸ್ ಹೆಣೆದೇ ಹಿಡಿದವರು; ಕೈ ಚಿಕ್ಕದಿದ್ದವರಿಗೆ ಅದು ಹಿತ. ಹಿಡಿತದ ಬಿಗಿ ಹತ್ತಕ್ಕೆ ನಾಲ್ಕರಷ್ಟು ಸಾಕು. ಮುಂಗೈ ಗಟ್ಟಿಯಾದರೆ ಮಣಿಕಟ್ಟು ಮಡಚುವುದಿಲ್ಲ, ಕ್ಲಬ್‌ಗೆ ವೇಗವೂ ಬರುವುದಿಲ್ಲ.

ಪಾದಗಳ ನಡುವೆ ಭುಜದಗಲ ಅಂತರ, ಚೆಂಡು ನಡುಮಧ್ಯ ಅಥವಾ ಕೂದಲೆಳೆಯಷ್ಟು ಎಡಕ್ಕೆ. ಬೆನ್ನು ಗೂನು ಮಾಡದೆ ಸೊಂಟದ ಕೀಲಿನಿಂದ ಬಾಗಿ. ತೋಳುಗಳು ತಾವಾಗಿ ತೂಗಲಿ. ಪಾದಗಳ ಸಾಲು ಗುರಿಗೆ ನೆಟ್ಟಗಿರದೆ ರೈಲು ಹಳಿಗಳಂತೆ ಗುರಿರೇಖೆಗೆ ಸಮಾನಾಂತರವಾಗಿರಬೇಕು. ಇದನ್ನು ತಿಳಿಯಲು ಪಾದದ ಮುಂದೆ ಒಂದು ಕೋಲು ಇಟ್ಟುಕೊಳ್ಳಿ.

ಇನ್ನು ತಿರುಗುವಿಕೆ. ಭುಜಗಳು ಸುಮಾರು 90 ಡಿಗ್ರಿ, ಸೊಂಟ ಅದರ ಅರ್ಧ. ಬೆನ್ನು ಗುರಿಯ ಕಡೆಗೆ ತಿರುಗಿದೆಯೆಂದರೆ ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆ ಎತ್ತುವುದು) ಮುಗಿದಿದೆ. ಕೆಳಗೆ ಬರುವಾಗ ಕ್ರಮ ತಿರುಗಮುರುಗ: ಮೊದಲು ಎಡಪಾದಕ್ಕೆ ಭಾರ, ಆಮೇಲೆ ಸೊಂಟ, ಆಮೇಲೆ ತೋಳು, ಕೊನೆಗೆ ಕ್ಲಬ್. ಕೈಯಿಂದಲೇ ಶುರು ಮಾಡುವುದು ಹೊಸಬರ ಅತಿ ಸಾಮಾನ್ಯ ತಪ್ಪು. ಹೊಡೆದ ಮೇಲೆ ಬೆಲ್ಟಿನ ಬಕಲ್ ಗುರಿ ನೋಡುತ್ತಾ ಮೂರು ಸೆಕೆಂಡು ಅಲುಗದೆ ನಿಲ್ಲಲು ಆಗದಿದ್ದರೆ ಬಲ ಹೆಚ್ಚಾಯಿತೆಂದೇ ಲೆಕ್ಕ. ಮೊದಲ ತಿಂಗಳು ಕೈ ಸೊಂಟದಿಂದ ಸೊಂಟಕ್ಕೆ ಹೋಗುವ ಅರ್ಧ ಸ್ವಿಂಗ್ ಮಾತ್ರ ಮಾಡಿ. ಮನಸ್ಸಿಟ್ಟು ಹೊಡೆದ 50 ಚೆಂಡು, ಬೇಸತ್ತು ಹೊಡೆದ 150ಕ್ಕಿಂತ ಮೇಲು.

ಪ್ರಶ್ನೆ: ಐರನ್ ಚೆನ್ನಾಗಿಯೇ ಹೋಗುತ್ತದೆ. ಡ್ರೈವರ್ ಹಿಡಿದರೆ ಚೆಂಡು ಬಾಳೆಹಣ್ಣಿನಂತೆ ಬಲಕ್ಕೆ ಬಾಗುತ್ತದೆ. ಎಡಕ್ಕೆ ಗುರಿಯಿಟ್ಟರೆ ಇನ್ನೂ ಹೆಚ್ಚು.
– ಓದುಗರು, ಬೆಂಗಳೂರು

ಉತ್ತರ: ಇದು ಸ್ಲೈಸ್. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕ್ಲಬ್‌ನ ಮುಖ. ಬಾಗುವುದು, ಆ ಮುಖಕ್ಕೂ ಕ್ಲಬ್ ಸಾಗಿದ ದಾರಿಗೂ ಇರುವ ವ್ಯತ್ಯಾಸದಿಂದ. ಎಡಕ್ಕೆ ಗುರಿಯಿಟ್ಟಾಗ ದಾರಿ ಇನ್ನಷ್ಟು ಎಡಕ್ಕೆ ಸರಿಯಿತು, ಮುಖ ಹಾಗೇ ಬಲಕ್ಕೆ ತೆರೆದಿತ್ತು. ವ್ಯತ್ಯಾಸ ಹೆಚ್ಚಾಯಿತು, ಬಾಗುವಿಕೆಯೂ ಹೆಚ್ಚಾಯಿತು. ಐರನ್‌ನಲ್ಲೂ ಈ ದೋಷ ಇದ್ದೇ ಇದೆ. ಅದರ ಹೆಚ್ಚಿನ ಲಾಫ್ಟ್ (ಕ್ಲಬ್ ಮುಖದ ಓರೆ) ಚೆಂಡಿಗೆ ಹಿಮ್ಮುಖ ತಿರುಗು ಕೊಟ್ಟು ಅದನ್ನು ಮರೆಮಾಚುತ್ತದೆ. ಡ್ರೈವರ್‌ನ ಲಾಫ್ಟ್ 9ರಿಂದ 12 ಡಿಗ್ರಿ ಅಷ್ಟೆ, ಮುಚ್ಚಿಡುವುದಿಲ್ಲ.

ಮೊದಲು ಹಿಡಿತ ನೋಡಿಕೊಳ್ಳಿ. ಎಡಗೈಯಲ್ಲಿ ಒಂದೇ ಗೆಣ್ಣು ಕಂಡರೆ ಕಾರಣ ಬಹುಮಟ್ಟಿಗೆ ಅಲ್ಲೇ ಇದೆ. ಚೆಂಡು ಎಡ ಹಿಮ್ಮಡಿಯ ಒಳಬದಿಗೆ ನೇರವಾಗಿರಲಿ. ಅದಕ್ಕಿಂತ ಮುಂದೆ ಹೋದರೆ ಭುಜ ತಾನಾಗಿ ಎಡಕ್ಕೆ ತೆರೆಯುತ್ತದೆ. ಟೀ (ಚೆಂಡು ಕೂರಿಸುವ ಸಣ್ಣ ಗೂಟ) ಎತ್ತರ, ಅರ್ಧ ಚೆಂಡು ಡ್ರೈವರ್‌ನ ನೆತ್ತಿಗಿಂತ ಮೇಲೆ ಕಾಣುವಷ್ಟು. ಬಳಿಕ ಚೆಂಡಿನ ಹಿಂದೆ ಒಂದಡಿ ದೂರದಲ್ಲಿ, ಗುರಿರೇಖೆಯ ಆಚೆ ಬದಿಗೆ ಖಾಲಿ ಚೆಂಡಿನ ಡಬ್ಬಿ ಇಡಿ. ಕ್ಲಬ್ ಅದಕ್ಕೆ ತಾಗಿದರೆ ಹೊರಗಿನಿಂದ ಒಳಕ್ಕೆ ಕೊಯ್ಯುತ್ತಿದ್ದೀರಿ. ಡಬ್ಬಿಗೆ ತಾಗದಂತೆ ನಿಧಾನವಾಗಿ ಹೊಡೆದು ಅಭ್ಯಾಸ ಮಾಡಿ.

ಪ್ರಶ್ನೆ: ರೇಂಜಿನ (ಅಭ್ಯಾಸ ಮೈದಾನದ) ಮ್ಯಾಟ್ ಮೇಲೆ ಹೊಡೆತ ಚೆನ್ನಾಗಿದೆ. ಹುಲ್ಲಿನ ಮೇಲೆ ಚೆಂಡಿಗಿಂತ ಮೊದಲು ನೆಲ ಸಿಗುತ್ತದೆ. ಯಾಕೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಮ್ಯಾಟ್ ಮೇಲೆ ಕ್ಲಬ್ ಪುಟಿದು ಚೆಂಡಿಗೆ ಜಾರುತ್ತದೆ, ತಪ್ಪು ಗೊತ್ತಾಗುವುದಿಲ್ಲ. ನೆಲ ಮೊದಲು ಸಿಗಲು ಕಾರಣ, ಭಾರ ಬಲಗಾಲಲ್ಲೇ ಉಳಿಯುವುದು. ಚೆಂಡನ್ನು ಕೈಯಿಂದ ಮೇಲೆತ್ತಬೇಕೆಂಬ ಆಸೆಯಿಂದಲೇ ಹೀಗಾಗುತ್ತದೆ. ಎತ್ತುವ ಕೆಲಸ ಕ್ಲಬ್‌ನ ಲಾಫ್ಟ್‌ಗೆ ಬಿಡಿ. ಐರನ್ ಇಳಿಯುತ್ತಲೇ ಚೆಂಡಿಗೆ ತಾಗಬೇಕು. ಅಭ್ಯಾಸದ ಹುಲ್ಲಿನ ಮೇಲೆ ಅನುಮತಿ ಪಡೆದು ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆಯಿರಿ. ಚೆಂಡಿಲ್ಲದೆ ಬೀಸಿ. ಹುಲ್ಲು ಕಿತ್ತ ಗುರುತು ಗೆರೆಯ ಮೇಲೆ ಶುರುವಾಗಿ ಗುರಿಯ ಕಡೆಗೆ ಹೋಗಿರಬೇಕು. ಹಿಂದೆ ಬಿದ್ದರೆ ಎಡಗಾಲಿಗೆ ಭಾರ ಬಂದಿಲ್ಲ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ನನ್ನ ಹಳೆಯ ಕ್ಲಬ್ ಕತ್ತರಿಸಿ ಕೊಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಕತ್ತರಿಸಿದ ಶಾಫ್ಟ್ (ಕ್ಲಬ್‌ನ ದಂಡ) ಇನ್ನೂ ಬಿರುಸಾಗುತ್ತದೆ, ತಲೆಯ ತೂಕ ಹಾಗೇ ಉಳಿಯುತ್ತದೆ, ಹಿಡಿಕೆ ಪುಟ್ಟ ಕೈಗೆ ದಪ್ಪ. ಮಗು ತಿರುಗುವುದನ್ನು ಬಿಟ್ಟು ಎತ್ತಿ ಕುಕ್ಕುವುದನ್ನು ಕಲಿಯುತ್ತದೆ. ಅವಳ ಎತ್ತರಕ್ಕೆ ತಕ್ಕ ಹಗುರ ಕ್ಲಬ್‌ಗಳು ನಾಲ್ಕು ಸಾಕು: ಒಂದು ವುಡ್ (ದೂರದ ಹೊಡೆತಕ್ಕೆ), ಒಂದು 7ನೇ ಐರನ್, ಒಂದು ವೆಜ್ (ಹತ್ತಿರದ ಎತ್ತರದ ಹೊಡೆತಕ್ಕೆ), ಒಂದು ಪಟರ್ (ಚೆಂಡನ್ನು ಗುಳಿಗೆ ಉರುಳಿಸಲು). ಅಭ್ಯಾಸದ ಅರ್ಧ ಹೊತ್ತು ಪಟರ್‌ಗೇ ಮೀಸಲಿಡಿ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದದ್ದು ದೂರ ಹೊಡೆದಲ್ಲ, ಪಟ್ಟಿಂಗ್ ಬಲದಿಂದ.