ರೆವಿಟ್ ಪ್ಲ್ಯಾನಿನಲ್ಲಿ ಶೌಚಾಲಯದ ವೆಂಟಿಲೇಟರ್ ಕಾಣದಿರುವ ಬಗ್ಗೆ

ಕಟ್ಟಡ ವಿನ್ಯಾಸದ ತಂತ್ರಾಂಶವಾದ ರೆವಿಟ್‌ನಲ್ಲಿ ನಿಮ್ಮ ಶೌಚಾಲಯದ ವೆಂಟಿಲೇಟರ್ ತ್ರೀಡಿ ನೋಟದಲ್ಲಿ ಕಂಡರೂ ಪ್ಲ್ಯಾನಿನಲ್ಲಿ ಏಕೆ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಕಟ್ ಪ್ಲೇನಿನ (ಪ್ಲ್ಯಾನ್ ತೋರಿಸಲು ಕಟ್ಟಡವನ್ನು ಅಡ್ಡಲಾಗಿ ಕತ್ತರಿಸಿದಂತೆ ಭಾವಿಸುವ ಮಟ್ಟ) ಎತ್ತರವೇ ಕಾರಣ: ಅದು ಸಾಮಾನ್ಯವಾಗಿ 1200 ಮಿ.ಮೀ. ಇರುತ್ತದೆ, ನಿಮ್ಮ ವೆಂಟಿಲೇಟರ್ 1800ರಿಂದ ಆರಂಭವಾಗುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಇಡೀ ಮಹಡಿಯ ವ್ಯೂ ರೇಂಜನ್ನು (ಕಟ್ ಪ್ಲೇನ್, ಟಾಪ್ ಮುಂತಾದ ಎತ್ತರಗಳನ್ನು ನಿಗದಿಪಡಿಸುವ ಸೆಟ್ಟಿಂಗ್) ಏರಿಸಬೇಡಿ. ತಗ್ಗಿನ ಕಿಟಕಿಗಳ ಚಿತ್ರಣ ಕೆಡುತ್ತದೆ. ಬದಲಿಗೆ ವ್ಯೂ ಟ್ಯಾಬಿನ ಪ್ಲ್ಯಾನ್ ವ್ಯೂಸ್‌ನಲ್ಲಿ ಪ್ಲ್ಯಾನ್ ರೀಜನ್ (ಪ್ಲ್ಯಾನಿನ ಒಂದು ಭಾಗಕ್ಕೆ ಮಾತ್ರ ಬೇರೆ ವ್ಯೂ ರೇಂಜ್ ಕೊಡುವ ಸೌಲಭ್ಯ) ಆರಿಸಿಕೊಂಡು, ವೆಂಟಿಲೇಟರ್ ಇರುವ ಗೋಡೆಯ ಭಾಗ ಪೂರ್ತಿ ಒಳಗೆ ಬರುವಂತೆ ಆಯತ ಎಳೆದು, ಪ್ರಾಪರ್ಟೀಸ್‌ನ ವ್ಯೂ ರೇಂಜಿನಲ್ಲಿ ಕಟ್ ಪ್ಲೇನನ್ನು 2000ಕ್ಕೆ ಬದಲಿಸಿ, ಟಾಪ್ ಅದಕ್ಕಿಂತ ಕೆಳಗಿಲ್ಲವೆಂದು ಖಚಿತಪಡಿಸಿಕೊಂಡು ಹಸಿರು ಗುರುತನ್ನು ಒತ್ತಿ. ಆಗಲೂ ಕಾಣದಿದ್ದರೆ ಡೀಟೇಲ್ ಲೆವೆಲನ್ನು ಫೈನ್‌ಗೆ ಬದಲಿಸಿ ನೋಡಿ. ಅದರಿಂದಲೂ ಆಗದಿದ್ದರೆ ದೋಷ ವೆಂಟಿಲೇಟರಿನ ಫ್ಯಾಮಿಲಿಯಲ್ಲಿ (ಅದರ ಮಾದರಿಯ ಫೈಲಿನಲ್ಲಿ) ಇರಬಹುದು, ಫೈಲನ್ನು ನೋಡದೆ ಖಚಿತವಾಗಿ ಹೇಳಲಾರೆ. ರೀಜನ್ನಿನ ಗೆರೆ ಮುದ್ರಣದಲ್ಲಿ ಬೇಡವಾದರೆ ಕೀಲಿಮಣೆಯಲ್ಲಿ ವಿವಿ (VV) ಒತ್ತಿ, ಅನೊಟೇಶನ್ ಕೆಟಗರಿಗಳಲ್ಲಿ ಪ್ಲ್ಯಾನ್ ರೀಜನ್ ಮುಂದಿನ ಗುರುತನ್ನು ತೆಗೆಯಿರಿ.