ಟೆಕ್ಸಸ್ ಶಾಲೆ, ಟೀಚರ್ ಸೊಂಟದ ಗನ್: ನಿಮ್ಮ ಪ್ರಶ್ನೆಗೆ

ಅಕ್ಕ ಅಂತ ಕರೆದು ಉದ್ದಕ್ಕೆ ಬರೆದಿದ್ದೀರಿ. ಹಾಸನದಲ್ಲಿ ಗಣಿತ ಕಲಿಸುತ್ತಿದ್ದೀರಿ, ಟೆಕ್ಸಸ್‌ನ ಒಂದು ಹಳ್ಳಿಗಾಡಿನ ಶಾಲೆಯಿಂದ ಜೆ-1 ವೀಸಾದ ಕೆಲಸ ಬಂದಿದೆ, ಜೊತೆಗೆ ಎಂಟು ವರ್ಷದ ಮಗಳು. ಮನೆ, ಕಾರು, ಸಂಬಳ, ಚಳಿ ಎಲ್ಲ ಕೇಳಿ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಅಲ್ಲಿ ಟೀಚರ್‌ಗಳೇ ಗನ್ ಇಟ್ಟುಕೊಂಡು ಪಾಠ ಮಾಡುತ್ತಾರಂತೆ, ನಿಜವಾ? ನನಗೂ ಕೊಡುತ್ತಾರಾ?" ಉಳಿದದ್ದೆಲ್ಲ ಪೀಠಿಕೆ, ಕೇಳಬೇಕಾಗಿದ್ದದ್ದು ಇದೊಂದೇ, ಅಲ್ವಾ?

ಪೀಠಿಕೆ ಬೇಗ ಮುಗಿಸುತ್ತೇನೆ. ಕಾರಿಲ್ಲದೆ ಆಗುವುದಿಲ್ಲ, ಓಡಿಸುವುದನ್ನು ಅಲ್ಲೇ ಕಲಿತು ಬನ್ನಿ. ಅಕ್ಕಿ, ಬೇಳೆ, ಹುಣಸೆಹಣ್ಣು ಡಾಲಸ್ ಕಡೆ ಹೋದಾಗ ತುಂಬಿಕೊಂಡು ಬಂದರಾಯಿತು. ಸೀರೆ ಎರಡು ಸಾಕು. ಸಂಬಳದಲ್ಲಿ ಕೈಗೆ ಬರುವುದೆಷ್ಟು ಅಂತ ಏಜೆನ್ಸಿಯವರ ಹತ್ತಿರ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ. ಚಳಿಗೆ ಹೆದರಬೇಡಿ, ಬಿಸಿಲಿಗೆ ಹೆದರಿ.

ಈಗ ಗನ್ ವಿಷಯ. ನಿಮಗೆ ಯಾರೂ ಕೊಡುವುದಿಲ್ಲ. ನಿಮ್ಮಂತೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಗನ್ ಇಟ್ಟುಕೊಳ್ಳುವುದೇ ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಅಂತ ಒಂದೆರಡು ವಿನಾಯಿತಿ ಇವೆ, ಅದರ ಗೊಡವೆಗೆ ಹೋಗಬೇಡಿ. ವಾರಾಂತ್ಯದಲ್ಲಿ ಯಾರಾದರೂ ಶೂಟಿಂಗ್ ರೇಂಜಿಗೆ ಕರೆದರೂ ಬೇಡ ಅನ್ನಿ. ಒಂದು ಫೋಟೋಗೋಸ್ಕರ ವೀಸಾ ಕಳೆದುಕೊಳ್ಳುವುದು ಯಾಕೆ?

ಆದರೆ ನಿಮ್ಮ ಪಕ್ಕದ ಕೋಣೆಯವರ ಹತ್ತಿರ ಇರಬಹುದು. ಟೆಕ್ಸಸ್‌ನಲ್ಲಿ ಇದು ಹಳೆಯ ಕಥೆ. ಒಕ್ಲಹೋಮಾ ಗಡಿ ಹತ್ತಿರದ ಹ್ಯಾರಲ್ಡ್ ಅನ್ನುವ ಪುಟ್ಟ ಊರಿನ ಶಾಲಾ ಮಂಡಳಿ 2007ರಲ್ಲೇ ಟೀಚರ್‌ಗಳಿಗೆ ಅನುಮತಿ ಕೊಟ್ಟಿತು. ಶೆರಿಫ್ ಕಚೇರಿಯ ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅನ್ನುವುದು ಅವರ ವಾದ. ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ಮೇಲೆ, 2013ರಲ್ಲಿ, ಸ್ಕೂಲ್ ಮಾರ್ಷಲ್ ಅಂತ ಇನ್ನೊಂದು ದಾರಿ ಮಾಡಿದರು. ಅದಕ್ಕೆ 80 ಗಂಟೆ ತರಬೇತಿ, ಮಾನಸಿಕ ಪರೀಕ್ಷೆ ಎಲ್ಲ ಇದೆ. ಹ್ಯಾರಲ್ಡ್‌ನವರು ಹಿಡಿದ, ಗಾರ್ಡಿಯನ್ ಅನ್ನುವ ಹಳೆಯ ದಾರಿಯಲ್ಲಿ ಮಂಡಳಿಯ ಲಿಖಿತ ಅನುಮತಿ ಮುಖ್ಯ. 2023ರಲ್ಲಿ ಪ್ರತಿ ಶಾಲೆಗೂ ಒಬ್ಬ ಶಸ್ತ್ರಧಾರಿ ಅಧಿಕಾರಿ ಇರಲೇಬೇಕು ಅಂತ ಕಾನೂನು ಬಂತು. ಅದಕ್ಕೆ ಸರ್ಕಾರ ಆಗ ಕೊಟ್ಟದ್ದು ಶಾಲೆಗೆ 15,000 ಡಾಲರ್, ಜೊತೆಗೆ ಪ್ರತಿ ವಿದ್ಯಾರ್ಥಿಗೆ 10 ಡಾಲರ್. ಅಷ್ಟರಲ್ಲಿ ಯಾವ ಪೊಲೀಸ್ ಸಿಗುತ್ತಾನೆ? ಹಾಗಾಗಿ ಸಣ್ಣ ಊರುಗಳು ಇರುವ ಸಿಬ್ಬಂದಿಗೇ ಗನ್ ಕಟ್ಟಿದವು. ನಮ್ಮ ಕಡೆ ಗಣತಿ, ಚುನಾವಣೆ, ಬಿಸಿಯೂಟ ಎಲ್ಲ ಮೇಷ್ಟ್ರ ತಲೆಗೇ ಕಟ್ಟುತ್ತಾರಲ್ಲ, ಆ ಜಾತಿಯದ್ದೇ ಇದು.

ಬಲವಂತ ಇಲ್ಲ, ಒಪ್ಪಿದವರಿಗೆ ಮಾತ್ರ. ಯಾರು ಅಂತ ಹೇಳುವುದಿಲ್ಲ. ನೀವೂ ಕೇಳಬೇಡಿ, ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಲೂಬೇಡಿ. ಸಣ್ಣ ಊರಿನಲ್ಲಿ ಹೇಗೂ ಗೊತ್ತಾಗುತ್ತದೆ, ಆಗಸ್ಟ್ ಬಿಸಿಲಿನಲ್ಲೂ ಜಾಕೆಟ್ ತೆಗೆಯದವರನ್ನು ನೋಡಿಕೊಳ್ಳಿ ಸಾಕು.

ನಾನೂ ಇಲ್ಲೇ ಟೀಚರ್, ಈಗ ಇಲ್ಲಿನ ಪ್ರಜೆ, ಗನ್ ಇಟ್ಟುಕೊಳ್ಳುತ್ತೀರಾ ಅಂತ ನನ್ನನ್ನೂ ಕೇಳಿದ್ದರು. ಆಗುವುದಿಲ್ಲ ಅಂದೆ. ಗನ್ ನೋಡಿ ನಡುಗುವವಳು ಅಂತ ತಿಳಿಯಬೇಡಿ. ನಾನು ಸಕಲೇಶಪುರದ ಕಡೆಯವಳು, ಅಂದರೆ ನಿಮಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಜೋಡು ನಳಿಗೆ ಕೋವಿ ಇತ್ತು. ಗದ್ದೆಗೆ ಹಂದಿ ಬಿದ್ದ ರಾತ್ರಿ ಅಪ್ಪ ಒಂದು ಈಡು ಹೊಡೆದರೆ ನಾವು ಮಗ್ಗುಲು ಬದಲಿಸಿ ಮಲಗುತ್ತಿದ್ದೆವು. ಕೋವಿ ಗೋಡೆ ಮೇಲೆ ಎತ್ತರದಲ್ಲಿ, ತೋಟಾ ಅಜ್ಜಿಯ ಬೀರುವಿನಲ್ಲಿ, ಬೀರುವಿನ ಕೀಲಿ ಅಜ್ಜಿಯ ಸೊಂಟದಲ್ಲಿ. ಚುನಾವಣೆ ಬಂತೆಂದರೆ ಠಾಣೆಗೆ ಕೊಟ್ಟು ಚೀಟಿ ತರಬೇಕು. ಎರಡನ್ನೂ ಒಂದೇ ಕಡೆ ಇಟ್ಟಿದ್ದನ್ನು ನಾನು ನೋಡಿಲ್ಲ.

ತರಗತಿಯಲ್ಲಿ ಅದು ನಡೆಯುವುದಿಲ್ಲ ನೋಡಿ. ಬೀಗ ಹಾಕಿ ಇಟ್ಟರೆ ಬೇಕಾದ ಗಳಿಗೆಗೆ ಸಿಗದು. ಸೊಂಟಕ್ಕೆ ಕಟ್ಟಿಕೊಂಡರೆ ಗುಂಡು ತುಂಬಿದ್ದನ್ನೇ ದಿನವಿಡೀ ಹೊತ್ತು ತಿರುಗಬೇಕು, ಓಡಿ ಬಂದು ಸೊಂಟ ತಬ್ಬಿಕೊಳ್ಳುವ ಮಕ್ಕಳ ನಡುವೆ. 2014ರಲ್ಲಿ ಯೂಟಾದಲ್ಲಿ ಒಬ್ಬ ಟೀಚರ್ ಶೌಚಾಲಯದಲ್ಲಿದ್ದಾಗ ಗನ್ ಸಿಡಿದು ಕಮೋಡ್ ಒಡೆದು ಚೂರುಗಳು ಅವರ ಕಾಲಿಗೇ ಹೊಕ್ಕವು. 2023ರ ಜನವರಿಯಲ್ಲಿ ನಮ್ಮ ಟೆಕ್ಸಸ್‌ನ ರೈಸಿಂಗ್ ಸ್ಟಾರ್ ಊರಿನಲ್ಲಿ ಶಾಲಾ ಮುಖ್ಯಸ್ಥರೇ ಶೌಚಾಲಯದಲ್ಲಿ ಗನ್ ಮರೆತು ಬಂದರು, ಮೂರನೇ ತರಗತಿಯ ಮಗುವಿನ ಕಣ್ಣಿಗೆ ಬಿತ್ತು. ನಾನು ಕನ್ನಡಕವನ್ನೇ ದಿನಕ್ಕೆ ಮೂರು ಸಲ ಹುಡುಕುವವಳು.

ಆದರೂ ಬೇಡ ಅನ್ನಲು ನಿಜವಾದ ಕಾರಣ ಬೇರೆ. ನಾನು ಕೆಲಸಕ್ಕೆ ಸೇರಿದ ಮೊದಲ ಆಗಸ್ಟ್‌ನಲ್ಲಿ ತರಬೇತಿಗೆ ಹೊಸ ನೋಟ್‌ಬುಕ್ ಹಿಡಿದು ಹೋಗಿದ್ದೆ, ಪಾಠದ ಬಗ್ಗೆ ಹೇಳುತ್ತಾರೆ ಅಂತ. ಅರ್ಧ ದಿನ ಹೇಳಿಕೊಟ್ಟದ್ದು ಗನ್ ಹಿಡಿದವನು ಶಾಲೆಗೆ ನುಗ್ಗಿದರೆ ಬಾಗಿಲು ಹಾಕುವುದು, ಮಕ್ಕಳನ್ನು ಕಿಟಕಿಗೆ ಕಾಣದ ಮೂಲೆಯಲ್ಲಿ ಕೂರಿಸುವುದು, ರಕ್ತ ಸೋರುವ ಕಾಲಿಗೆ ಪಟ್ಟಿ ಬಿಗಿಯುವುದು. ಬೀಗ, ದೀಪ, ಕಣ್ಮರೆ, ಇಷ್ಟೇ ಮಂತ್ರ. ಒಮ್ಮೆ ಹಾಕಿದ ಬಾಗಿಲನ್ನು ಯಾರು ಬಡಿದರೂ ತೆಗೆಯುವ ಹಾಗಿಲ್ಲ.

ಒಂದು ಸಲ ಹೀಗೆ ಬಾಗಿಲು ಹಾಕುವ ಅಣಕು ಅಭ್ಯಾಸದ ಹೊತ್ತಿಗೆ ನನ್ನ ತರಗತಿಯ ಹುಡುಗನೊಬ್ಬ ಶೌಚಾಲಯಕ್ಕೆ ಹೋಗಿದ್ದ. ಅಭ್ಯಾಸ ಅಂತ ನನಗೆ ಮೊದಲೇ ಗೊತ್ತಿತ್ತು. ಅವನು ಬಂದು ಬಡಿದ. "ಮಿಸ್, ನಾನು" ಅಂದ. ಒಳಗೆ ನೆಲದ ಮೇಲೆ ಕೂತಿದ್ದ ಮಕ್ಕಳೆಲ್ಲ ನನ್ನ ಮುಖ ನೋಡಿದರು. ನಿಯಮ ಏನು ಹೇಳುತ್ತದೋ ಅದನ್ನೇ ಮಾಡಿದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಶೂ ಕಾಣುತ್ತಿತ್ತು, ಒಂದರ ದಾರ ಬಿಚ್ಚಿತ್ತು. ಸ್ವಲ್ಪ ಹೊತ್ತಿನ ಮೇಲೆ ಆಫೀಸಿನವರು ಬಂದು ಕರೆದುಕೊಂಡು ಹೋದರು. ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ಕೇಳಿದ: "ನಿಜವಾಗಿ ಯಾರಾದರೂ ಬಂದಿದ್ದರೂ ತೆಗೆಯುತ್ತಿರಲಿಲ್ಲವಾ?" ನಾನು ಏನೋ ಹೇಳಿ ಭಿನ್ನರಾಶಿಯ ಪುಟ ತೆಗೆಸಿದೆ. ಅವನೀಗ ಕಾಲೇಜು ಓದುತ್ತಿದ್ದಾನೆ, ಎದುರು ಸಿಕ್ಕರೆ ನಗುತ್ತಾನೆ. ಸರಿಯಾದ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಬಾಗಿಲ ಆಚೆ ನಿಂತವನು ಹೆಚ್ಚಾಗಿ ಅದೇ ಶಾಲೆಯ ಹುಡುಗನೇ ಆಗಿರುತ್ತಾನೆ, ನನ್ನನ್ನು ಕೊರೆಯುವುದು ಅದು. 2018ರಲ್ಲಿ ಟೆಕ್ಸಸ್‌ನ ಸಾಂಟಾ ಫೆಯಲ್ಲಿ ಹತ್ತು ಜನರನ್ನು ಕೊಂದ ಆರೋಪ ಇರುವುದು ಅಲ್ಲಿನ ವಿದ್ಯಾರ್ಥಿಯ ಮೇಲೆ. ಟೆಕ್ಸಸ್‌ನದೇ ಯುವಾಲ್ಡಿ ಊರಿನ ಶಾಲೆಯಲ್ಲಿ ಮಕ್ಕಳನ್ನು ಕೊಂದವನು ಅದೇ ಶಾಲೆಯಲ್ಲಿ ಓದಿದವನು. 2023ರಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಟೀಚರ್‌ಗೆ ಗುಂಡು ಹೊಡೆದವನಿಗೆ ಆರು ವರ್ಷ, ತಾಯಿಯ ಗನ್ ತಂದಿದ್ದ. ಆ ಟೀಚರ್ ಹತ್ತಿರವೂ ಗನ್ ಇದ್ದಿದ್ದರೆ ಏನು ಮಾಡಬೇಕಿತ್ತು ಹೇಳಿ? ತಾನು ಅಕ್ಷರ ತಿದ್ದಿಸಿದ ಮಗುವಿಗೆ ಗುರಿ ಇಡಬೇಕಿತ್ತಾ?

ಯುವಾಲ್ಡಿಯಲ್ಲಿ, 2022ರ ಮೇ 24ರಂದು, 376 ಪೊಲೀಸರು ಸೇರಿದ್ದರು. ಮೊದಲ ಪೊಲೀಸರು ಬಂದ ಮೇಲೆ ಕೋಣೆಯೊಳಗೆ ನುಗ್ಗಿ ಅವನನ್ನು ಹೊಡೆಯುವಷ್ಟರಲ್ಲಿ 77 ನಿಮಿಷ ಆಯಿತು. 19 ಮಕ್ಕಳು, ಇಬ್ಬರು ಟೀಚರ್‌ಗಳು ಹೋದರು. ತರಬೇತಿಯೂ ಗನ್ನೂ ಇದ್ದವರೇ ಹಾಗೆ ನಿಂತರು. ಭಿನ್ನರಾಶಿ ಕಲಿಸುವವಳು ನುಗ್ಗುತ್ತಾಳೆ ಅಂತ ಕಾನೂನು ಬರೆಯುವವರಿಗೆ ಯಾಕೆ ಅನಿಸುತ್ತದೋ. ನನ್ನ ಜೊತೆಯ ಕೆಲವು ಒಳ್ಳೆಯ ಟೀಚರ್‌ಗಳು ಇದನ್ನು ಒಪ್ಪುವುದಿಲ್ಲ. ಬರಿಗೈಲಿ ಸಾಯುವುದಕ್ಕಿಂತ ಮೇಲು ಅನ್ನುತ್ತಾರೆ. ಅವರ ಊರು ಠಾಣೆಯಿಂದ ಎಷ್ಟು ದೂರ ಅಂತ ನೋಡಿದರೆ ಅವರನ್ನು ಬೈಯಲೂ ಆಗುವುದಿಲ್ಲ.

ನೀವು ಮಾಡಬೇಕಾದ್ದು ಎರಡು. ಪ್ರಿನ್ಸಿಪಾಲ್ ಜೊತೆ ಮಾತಾಡುವಾಗ ನಿಮ್ಮ ಕೋಣೆಯ ಬಾಗಿಲಿಗೆ ಒಳಗಿನಿಂದ ಬೀಗ ಬೀಳುತ್ತದೆಯೇ ಅಂತ ಕೇಳಿ, ಮೊದಲ ದಿನವೇ ಹಾಕಿ ನೋಡಿ. ಯುವಾಲ್ಡಿಯ ಒಂದು ಕೋಣೆಯ ಬೀಗ ಸರಿ ಬೀಳುವುದಿಲ್ಲ ಅಂತ ಶಾಲೆಗೆ ಮೊದಲೇ ಗೊತ್ತಿತ್ತು, ಯಾರೂ ರಿಪೇರಿ ಮಾಡಿಸಿರಲಿಲ್ಲ. ಇನ್ನೊಂದು ಮಗಳ ವಿಷಯ. ಅವಳು ಗೆಳತಿಯರ ಮನೆಗೆ ಆಡಲು ಹೊರಟರೆ ಆ ಮನೆಯವರನ್ನು ನೇರವಾಗಿ ಕೇಳಿ: ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ? ನಮ್ಮ ಕಡೆ ಹೀಗೆ ಕೇಳಿದರೆ ಮರ್ಯಾದೆ ಹೋಯಿತು ಅಂದುಕೊಳ್ಳುತ್ತಾರೆ, ಇಲ್ಲಿ ಬೇಜಾರು ಮಾಡಿಕೊಳ್ಳುವವರು ಕಮ್ಮಿ. ಮಾಡಿಕೊಂಡರೆ ಮಾಡಿಕೊಳ್ಳಲಿ, ಮಕ್ಕಳು ನಿಮ್ಮ ಮನೆಯಲ್ಲೇ ಆಡಲಿ. ವೀಸಾ ಸಂದರ್ಶನದ ತಾರೀಕು ಬಂದ ಮೇಲೆ ಇನ್ನೊಂದು ಸಲ ಬರೆಯಿರಿ, ಮನೆ ಬಾಡಿಗೆಯ ಲೆಕ್ಕ ಆಗ ಹೇಳುತ್ತೇನೆ.