ಕೊಯ್ಲಿನ ಮನೆಗೆ ಚಾರಣದ ನೆಂಟರು

ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಿರುವ ಓದುಗರೊಬ್ಬರ ಪತ್ರ ನನಗೆ ಸಿಟ್ಟು ತರಿಸಿದೆ. ಸಿಟ್ಟು ಇಳಿದ ಮೇಲೆ ಉತ್ತರಿಸಬಹುದಿತ್ತು. ಆದರೆ ಅವರು ಹೊರಡುವುದು ಡಿಸೆಂಬರ್ ಕೊನೆಯ ವಾರ, ಅಷ್ಟು ಕಾಯುವಂತಿಲ್ಲ.

ಪತ್ರದ ಸಾರ ಇಷ್ಟು. ಹಾಸನದಲ್ಲಿ ಪದವಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ನಾಲ್ವರು ಗೆಳತಿಯರು. ಮೂವರು ಈಗ ಬೆಂಗಳೂರಿನವರಾಗಿದ್ದಾರೆ. ವರ್ಷದ ಕೊನೆಯ ರಜೆಗೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಕುದುರೆಮುಖ ಶಿಖರ, ಎತ್ತಿನ ಭುಜ, ಸಾಧ್ಯವಾದರೆ ಬಲ್ಲಾಳರಾಯನ ದುರ್ಗ ಸುತ್ತುವ ಯೋಜನೆ ಹಾಕಿದ್ದಾರೆ. ಪತ್ರ ಬರೆದವರ ತವರು ಅದೇ ದಾರಿಯಲ್ಲಿದೆ. ನಡುವೆ ಅರ್ಧ ದಿನ ತವರಿಗೆ ಹೋಗಿ ಬರುತ್ತೇನೆ ಎಂದಿದ್ದಕ್ಕೆ ತಾಯಿ ಮಾತು ಬಿಟ್ಟಿದ್ದಾರೆ. ಅತ್ತಿಗೆ, "ಲಾಡ್ಜಿಗೆ ಬಂದ ಹಾಗೆ ಬರುತ್ತಾರೆ" ಎಂದು ಚುಚ್ಚಿದ್ದಾರೆ. ಅಮ್ಮನೂ ನೋಯಬಾರದು, ಗೆಳತಿಯರ ಜೊತೆಗಿನ ಪ್ರವಾಸವೂ ತಪ್ಪಬಾರದು, ಏನು ಮಾಡಲಿ ಎಂಬುದು ಪ್ರಶ್ನೆ.

ತಾಯಿಯ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ತವರಿಗೆ ಬಂದವಳು ಮೊದಲ ರಾತ್ರಿ ತವರಿನಲ್ಲೇ ಮಲಗಬೇಕು. ಈ ಅಂಕಣದಲ್ಲಿ ಇದನ್ನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಅತ್ತಿಗೆಯ ಮಾತು ನಿಮಗೆ ಕಹಿಯಾಗಿರಬಹುದು, ನನಗೆ ನ್ಯಾಯವಾಗಿಯೇ ಕಂಡಿದೆ. ಅರ್ಧ ದಿನಕ್ಕೆಂದು ಬರುವ ನಾದಿನಿಗೆ ಅಡುಗೆ ಮಾಡಿ, ಅವಳು ಹೋದ ಮೇಲೆ ಅತ್ತೆಯ ಕಣ್ಣೀರನ್ನೂ ಒರೆಸುವುದು ಅವರ ಪಾಲಿಗೇ ಬರುತ್ತದೆ.

ನನ್ನನ್ನು ಕೆಣಕಿದ್ದು ಎರಡನೆಯ ಪುಟದ ಕೊನೆಯಲ್ಲಿ ನೀವು ಬರೆದು ಮುಂದೆ ಹೋಗಿಬಿಟ್ಟ ಮೂರು ಸಾಲು: "ನಾಲ್ಕನೆಯವಳು ಅಪ್ಪ ತೀರಿಕೊಂಡ ಮೇಲೆ ಸಕಲೇಶಪುರದ ಕಡೆ ತೋಟ ನೋಡಿಕೊಂಡಿದ್ದಾಳೆ. ಮೊದಲು ಬರುತ್ತೇನೆ ಎಂದವಳು ಈಗ ಕೊಯ್ಲಿನ ನೆಪ ಹೇಳುತ್ತಿದ್ದಾಳೆ. ಇರಲಿ, ಹೇಗಿದ್ದರೂ ಮೊದಲ ರಾತ್ರಿ ಅವಳ ಮನೆಯಲ್ಲೇ ಉಳಿದು, ಅವಳ ಜೀಪಿನಲ್ಲೇ ಕುದುರೆಮುಖದ ಬುಡದ ಸಂಸೆಯವರೆಗೆ ಹೋಗುತ್ತೇವೆ."

ನೀವು ಮೂಡಿಗೆರೆಯವರು. ಡಿಸೆಂಬರಿನಲ್ಲಿ ಒಂದು ಕಾಫಿ ತೋಟದ ಮನೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕೇ? ಹೇಳುತ್ತೇನೆ, ಯಾಕೆಂದರೆ ಊರು ಬಿಟ್ಟವರಿಗೆ ಮೊದಲು ಮರೆಯುವುದೇ ಊರಿನ ಕೆಲಸದ ಕಾಲ.

ಬೆಳಕು ಹರಿಯುವ ಮೊದಲೇ ಆಕೆ ಮೊಬೈಲ್ ನೋಡುವುದು ಆನೆ ಎಲ್ಲಿದೆ ಎಂದು ತಿಳಿಯಲು. ಅರಣ್ಯ ಇಲಾಖೆಯ ಸಂದೇಶದಲ್ಲಿ ಪಕ್ಕದ ಊರಿನ ಹೆಸರಿದ್ದರೂ ಸಾಕು, ತೋಟದ ಆ ಬದಿಗೆ ಆಳುಗಳನ್ನು ಕಳಿಸುವಂತಿಲ್ಲ. ಆಳು ಸಿಕ್ಕಿರುವುದೇ ಪುಣ್ಯ. ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬಂದ ಕುಟುಂಬಗಳು, ಬೇಲಿಯಾಚೆಯವರು ಕಿಲೋಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೆ ನಾಳೆ ಅಲ್ಲಿರುತ್ತಾರೆ. ಅರೇಬಿಕಾ ಕಾಫಿ ಒಟ್ಟಿಗೇ ಹಣ್ಣಾಗುವ ಬೆಳೆಯಲ್ಲ. ಕೆಂಪಗಾದದ್ದನ್ನು ಆರಿಸಿ ಕೊಯ್ದು, ಕೆಲವು ದಿನ ಬಿಟ್ಟು ಮತ್ತೆ ಅದೇ ಗಿಡದ ಮುಂದೆ ನಿಲ್ಲಬೇಕು. ತಡಮಾಡಿದರೆ ಹಣ್ಣು ಉದುರುತ್ತದೆ, ಉದುರಿ ಉಳಿದ ಹಣ್ಣಿನಲ್ಲಿ ಕಾಯಿಕೊರಕ ಹುಳು ಬೆಳೆದು ಮುಂದಿನ ಫಸಲಿಗೂ ಏರುತ್ತದೆ.

ಸಂಜೆ ಚೀಲಗಳು ಕಣಕ್ಕೆ ಬಂದು ಬೀಳುತ್ತವೆ. ಆಕೆ ತೂಕದ ಪಕ್ಕ ನಿಂತು, ಒಬ್ಬೊಬ್ಬರ ಹೆಸರಿನ ಮುಂದೆ ಕಿಲೋ ಬರೆಯುತ್ತಾಳೆ. ಬೆರಳಿಗೆ ಅಂಟಿದ ಹಣ್ಣಿನ ರಸ ಪುಸ್ತಕದ ಅಂಚಿಗೂ ಹತ್ತಿರುತ್ತದೆ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ, ಮಾಡುವುದಿದ್ದರೆ ಅಂದಿನ ಹಣ್ಣು ಅಂದೇ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಬೀಳಬೇಕು, ರಾತ್ರಿಯಿಡೀ ಚೀಲದಲ್ಲಿ ಉಳಿದರೆ ಬಿಸಿಯೇರಿ ಹುಳಿಯುತ್ತದೆ. ಕಣದಲ್ಲಿ ಹರಡಿದ್ದನ್ನು ಹಗಲೆಲ್ಲ ಮಗುಚಿ, ಇಬ್ಬನಿ ಬೀಳುವ ಮುನ್ನ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಯಿತೆಂದು ವಾರ್ತೆಯಲ್ಲಿ ಬಂದರೆ ಆಕೆಗೆ ನಿದ್ದೆಯಿಲ್ಲ. ಅರ್ಧ ಒಣಗಿದ ಕಾಫಿ ನೆನೆದರೆ ಬೂಷ್ಟು ಹಿಡಿಯುತ್ತದೆ, ದರ ಬೀಳುತ್ತದೆ. ಹನ್ನೆರಡು ತಿಂಗಳ ದುಡಿಮೆ ಆ ಕಣದ ಮೇಲೆ ಬಯಲಲ್ಲಿ ಬಿದ್ದಿರುತ್ತದೆ.

ಇಂಥ ಮನೆಗೆ ರಾತ್ರಿ ಹೊತ್ತಿನಲ್ಲಿ ನೀವು ಮೂವರು ಇಳಿಯುತ್ತೀರಿ. ಬಿಸಿನೀರು ಕಾಯಿಸಬೇಕು, ಹಾಸಿಗೆ ಹಾಸಬೇಕು, ನಿಮ್ಮ ಪತ್ರದಲ್ಲೇ ಇರುವಂತೆ "ಕಡುಬು, ಕೋಳಿ ಸಾರು ಅವಳ ಕೈಯದ್ದೇ ಆಗಬೇಕು". ಬೆಳಗ್ಗೆ ಆಳುಗಳನ್ನು ಕರೆತರಬೇಕಾದ ಜೀಪು ನಿಮ್ಮನ್ನು ಹತ್ತಿಸಿಕೊಂಡು ಸಂಸೆಗೆ ಹೊರಡುತ್ತದೆ. ಆ ದಿನ ಹಣ್ಣು ಕೊಯ್ಯುವವರು ಯಾರು?

ಈಗ ನಿಮ್ಮ ಗುಂಪಿನ ಲೆಕ್ಕಗಾರ್ತಿಯ ಬಗ್ಗೆ ಹೇಳಲೇಬೇಕು. ದಿನ ಗೊತ್ತುಮಾಡಿದವರು, ಖರ್ಚಿನ ಪಟ್ಟಿ ತಯಾರಿಸಿದವರು, "ಉಳಿದುಕೊಳ್ಳಲು: ಸೊನ್ನೆ, ಜೀಪು: ಸೊನ್ನೆ" ಎಂದು ಬರೆದವರು ಅವರೇ. ಕೊಯ್ಲು ಎಂದ ಗೆಳತಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ, "ಆಳುಗಳಿದ್ದಾರಲ್ಲ, ವರ್ಷವಿಡೀ ತೋಟದಲ್ಲೇ ತಾನೇ ಇರುತ್ತೀಯ" ಎಂದು ಉತ್ತರಿಸಿದವರೂ ಅವರೇ. ನಿಮ್ಮ ಈ ಸಂಕಟದ ಮುಕ್ಕಾಲು ಪಾಲು ಅವರು ತಂದಿಟ್ಟದ್ದು. ಉಳಿದ ಕಾಲು ನಿಮ್ಮದು. ಆ ಮಾತಿಗೆ ನೀವು ನಗುವ ಚಿಹ್ನೆ ಹಾಕಿದ್ದೀರಿ, ಆಮೇಲೆ "ಅಂದಿನಿಂದ ಅವಳು ಗುಂಪಿನಲ್ಲಿ ಏನೂ ಬರೆದಿಲ್ಲ" ಎಂದು ನನಗೆ ಬರೆದಿದ್ದೀರಿ. ಅವಳು ಏನು ಬರೆಯಬೇಕಿತ್ತು? ಮೂವರು ಸೇರಿ ಒಬ್ಬಳಿಗೆ ನಕ್ಕರೆ ಅವಳು ಸುಮ್ಮನಾಗುತ್ತಾಳೆ. ಸ್ನೇಹದ ಮಾತನ್ನು ಗುಂಪಿನಲ್ಲಿ ಆಡಬೇಡಿ ಎಂದು ನಾನು ಪದೇ ಪದೇ ಬರೆಯುವುದು ಇದಕ್ಕೇ.

ಪತ್ರದ ಇನ್ನೊಂದು ಕಡೆ, ತಾಯಿಯ ಪ್ರಸ್ತಾಪದ ನಡುವೆ, ಕಳೆದ ವರ್ಷ ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹಾಸನಕ್ಕೆ ಕರೆದೊಯ್ದದ್ದು ತೋಟದ ಈ ಗೆಳತಿಯೇ ಎಂದಿದೆ. ನಿಮಗೆ ಅಂದು ರಜೆ ಸಿಗಲಿಲ್ಲ. ಆಕೆ ಜೀಪು ತೆಗೆದುಕೊಂಡು ಮೂಡಿಗೆರೆಗೆ ಬಂದು, ನಿಮ್ಮ ತಾಯಿಯನ್ನು ಕೂರಿಸಿಕೊಂಡು ಹೋಗಿ, ಸಂಜೆ ಮನೆ ಮುಟ್ಟಿಸಿದ್ದಾಳೆ. ನೀವು ಊರು ಎಂದು ಹಂಬಲಿಸುವುದರಲ್ಲಿ ಎಷ್ಟೋ ಭಾಗ, ಊರು ಬಿಡದೆ ಉಳಿದ ಇಂಥವರು ನಿಮಗಾಗಿ ಕಾಯ್ದು ಇಟ್ಟುಕೊಂಡಿರುವುದು. ಅವರ ಮನೆಯನ್ನು ತಂಗುದಾಣವೆಂದೂ ಅವರನ್ನು ಚಾಲಕರೆಂದೂ ಎಣಿಸುವುದು ನನ್ನಿಂದ ಸಹಿಸಲಾಗದ ಸಂಗತಿ.

ಪ್ರವಾಸ ಬೇಡ ಎನ್ನುತ್ತಿಲ್ಲ. ಹಳೆಯ ಗೆಳತಿಯರು ಜೊತೆಯಾಗಿ ಗುಡ್ಡ ಹತ್ತುವುದಕ್ಕಿಂತ ಒಳ್ಳೆಯ ಸುಖ ಕಡಿಮೆ. ಆದರೆ ನಾಲ್ವರ ಪ್ರವಾಸ ನಾಲ್ವರಿಗೂ ಬಿಡುವಿದ್ದಾಗ ಆಗಬೇಕು. ತೋಟದ ವರ್ಷ ಹೀಗಿದೆ: ಜನವರಿಯವರೆಗೆ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬಗೆಯ ಕಾಫಿ ರೊಬಸ್ಟಾದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆಯ ನಿರೀಕ್ಷೆ, ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್. ಆ ತಿಂಗಳುಗಳಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆಯೂ ಚಾರಣದ ದಾರಿಗಳನ್ನು ಮುಚ್ಚುವುದುಂಟು. ಮುಂಗಾರಿಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ರೋಗ ತಡೆಯಲು ಬೋರ್ಡೋ ದ್ರಾವಣದ ಸಿಂಪಡಣೆ. ಮಳೆಗಾಲದಲ್ಲಿ ದಾರಿಯ ತುಂಬ ರಕ್ತ ಹೀರುವ ಇಂಬಳ, ಜಾರುವ ಬಂಡೆ. ಉಳಿಯುವುದು ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್. ಆಗ ಕುದುರೆಮುಖದ ಹುಲ್ಲುಗಾವಲು ಇನ್ನೂ ಹಸಿರಾಗಿರುತ್ತದೆ, ಶೋಲಾ ಕಾಡಿನ ತೊರೆಗಳಲ್ಲಿ ನೀರಿರುತ್ತದೆ. ಇದು ನನ್ನ ಊಹೆ ಮಾತ್ರ, ಸರಿಯಾದ ದಿನ ಹೇಳಬಲ್ಲವಳು ಅವಳೊಬ್ಬಳೇ.

ಆದ್ದರಿಂದ ನಿಮಗೆ ಒಂದೇ ಕೆಲಸ ಹೇಳುತ್ತೇನೆ. ಅವಳಿಗೆ ಫೋನ್ ಮಾಡಿ. ಸಂದೇಶ ಬೇಡ, ಗುಂಪಿನ ಕರೆಯೂ ಬೇಡ, ನೀವೊಬ್ಬರೇ ಮಾಡಿ. ನಕ್ಕಿದ್ದು ತಪ್ಪಾಯಿತು ಎನ್ನಿ. "ನಿನಗೆ ಬಿಡುವಾಗುವ ದಿನ ನೀನೇ ಹೇಳು, ಅಂದು ಹೊರಡೋಣ" ಎನ್ನಿ. ಅವಳು ಹೇಳಿದ ದಿನಕ್ಕೆ ಚೌಕಾಸಿ ಮಾಡಬೇಡಿ, ಬೆಂಗಳೂರಿನ ಕಚೇರಿಗಳಲ್ಲಿ ರಜೆ ಕೇಳುವ ಕಷ್ಟವನ್ನು ಈ ಬಾರಿ ನೀವು ಮೂವರು ಪಡಿ. ಜೀಪಿನ ಮಾತೆತ್ತಬೇಡಿ. ಸಂಸೆಯಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಬಾಡಿಗೆ ಜೀಪುಗಳಿವೆ, ಬಾಡಿಗೆ ಕೊಟ್ಟು ಹೋಗಿ.

ಲೆಕ್ಕಗಾರ್ತಿ ಒಪ್ಪದಿದ್ದರೆ ಮತ್ತೊಬ್ಬರನ್ನು ಕರೆದುಕೊಂಡು ಈ ಡಿಸೆಂಬರಿನಲ್ಲೇ ಹೋಗಿ ಬರಲಿ, ಮೂಡಿಗೆರೆಗೆ ಬಸ್ಸಿದೆ. ಕುದುರೆಮುಖಕ್ಕೆ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯಿದೆ, ಮುಂಗಡ ಅನುಮತಿ ಬೇಕು. ನಿಮ್ಮ ಹೆಸರಿನಲ್ಲಿ ಪಡೆದದ್ದನ್ನು ಇಂದೇ ರದ್ದುಮಾಡಿ, ಇನ್ನೊಬ್ಬರಿಗೆ ದಕ್ಕಲಿ. ನಿಮಗೆ ಮಂಜೂರಾದ ರಜೆಯನ್ನು ತವರಿನಲ್ಲಿ ಕಳೆಯಿರಿ. ಅತ್ತಿಗೆಯನ್ನು ಎರಡು ದಿನ ಅವರ ತವರಿಗೆ ಕಳಿಸಿ, ಅಡುಗೆಮನೆ ನೀವು ನೋಡಿಕೊಳ್ಳಿ.

ಫೋನನ್ನು ರಾತ್ರಿ ಎಂಟರ ನಂತರ ಮಾಡಿ. ಅದಕ್ಕೂ ಮುಂಚೆ ಅವಳು ತೂಕದ ಬಳಿ ಇರುತ್ತಾಳೆ.